ಪಾಲಿಕೆಯಲ್ಲಿ ಪಕ್ಷಗಳು ಜಾಸ್ತಿಯಾದರೆ ಸಾಲವೂ ಜಾಸ್ತಿ ಆಗುತ್ತಾ?

ವಿಜಯನಗರ ನಿವಾಸಿ:

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ ಶುರುವಾದ ವಾದ ಇನ್ನೂ ಮುಗಿದಿಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಬೆಂಗಳೂರಿನ ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಲ್ಲಿ ಐದು ಪಾಲಿಕೆ ಆದವು. ಒಟ್ಟು 369 ವಾರ್ಡ್. ನಮ್ಮ ಪಶ್ಚಿಮ ಪಾಲಿಕೆಗೇ 112, ಪೂರ್ವಕ್ಕೆ 50. ಗುಂಪಿನಲ್ಲಿ ಒಬ್ಬರು ಹೇಳುತ್ತಾರೆ, ಯಾರಿಗೂ ಬಹುಮತ ಬರದೆ ಎರಡು ಮೂರು ಪಕ್ಷ ಸೇರಿ ಆಡಳಿತ ಮಾಡಿದರೆ ಪಾಲಿಕೆ ಸಾಲದಲ್ಲಿ ಮುಳುಗುತ್ತೆ, ಎಲ್ಲರನ್ನೂ ಸಮಾಧಾನ ಮಾಡೋಕೆ ದುಡ್ಡು ಬೇಕಾಗುತ್ತೆ ಅಂತ. ಅದಕ್ಕೆ ಅವರು ಕೊಡುವ ಉದಾಹರಣೆ 2015. ಆಗ 198 ವಾರ್ಡಲ್ಲಿ ಬಿಜೆಪಿ 100 ಗೆದ್ದಿತ್ತು, ಕಾಂಗ್ರೆಸ್ 76, ಜೆಡಿಎಸ್ 14, ಉಳಿದವರು 8. ಆದರೂ ಶಾಸಕರು, ಸಂಸದರು, ಪರಿಷತ್ ಸದಸ್ಯರ ಮತ ಸೇರಿಸಿ ಕಾಂಗ್ರೆಸ್-ಜೆಡಿಎಸ್ ಮೇಯರ್ ಕುರ್ಚಿ ಹಿಡಿದವು.

ಇನ್ನೊಬ್ಬರು ಒಪ್ಪುವುದಿಲ್ಲ. 2010ರಲ್ಲಿ ಬಿಜೆಪಿಗೆ 111 ಸೀಟು ಬಂದು ಪೂರ್ತಿ ಬಹುಮತ ಇತ್ತಲ್ಲ, ಆ ಅವಧಿಯಲ್ಲೇ ಅಲ್ವಾ ಮೇಯೋ ಹಾಲ್, ಕೆ.ಆರ್. ಮಾರುಕಟ್ಟೆ, ಮಲ್ಲೇಶ್ವರದ ಮಾರುಕಟ್ಟೆ ಎಲ್ಲ ಅಡ ಇಟ್ಟಿದ್ದು ಅಂತ ಕೇಳುತ್ತಾರೆ.

ಇಬ್ಬರ ಮಾತೂ ಸರಿ ಅನಿಸುತ್ತೆ. ನನಗೆ ನಿಜವಾಗಿ ತಿಳಿಯಬೇಕಿರುವುದು ಇಷ್ಟು: ಅಧಿಕಾರ ಹಂಚಿಹೋಗುವುದಕ್ಕೂ ಊರಿನ ಸಾಲಕ್ಕೂ ನೇರ ಸಂಬಂಧ ಇದೆಯಾ? ಮತ್ತೆ, ಪಾಲಿಕೆಯನ್ನೇ ಐದು ಹೋಳು ಮಾಡಿದರೆ ಸಾಲ ಏನಾಗುತ್ತೆ? ಪಕ್ಷದ ಜಗಳ ಬೇಡ, ಗೊತ್ತಿರುವವರು ದಯವಿಟ್ಟು ಬರೆಯಿರಿ.

ಧಾರವಾಡದ ಮೇಷ್ಟ್ರು:

ಒಳ್ಳೆಯ ಪ್ರಶ್ನೆ. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಹೇಳಿಕೊಡುತ್ತೇನೆ, ಈ ವಿಷಯ ಪ್ರತಿ ವರ್ಷ ಬರುತ್ತೆ.

ನಿಮ್ಮ ಗುಂಪಿನ ಮೊದಲನೆಯವರ ಮಾತಿಗೆ ಅರ್ಥಶಾಸ್ತ್ರದಲ್ಲಿ ಬೆಂಬಲ ಇದೆ. 1989ರಲ್ಲಿ ರೂಬಿನಿ ಮತ್ತು ಸ್ಯಾಕ್ಸ್ ಅಂತ ಇಬ್ಬರು ಅರ್ಥಶಾಸ್ತ್ರಜ್ಞರು ಶ್ರೀಮಂತ ದೇಶಗಳ ಲೆಕ್ಕ ನೋಡಿ, ಹೆಚ್ಚು ಪಕ್ಷಗಳ ಸಮ್ಮಿಶ್ರ ಸರ್ಕಾರ ಇರುವ ಕಡೆ ಬಜೆಟ್ ಕೊರತೆ ಜಾಸ್ತಿ ಅಂತ ಬರೆದರು. ಅದಕ್ಕೂ ಮೊದಲು, 1981ರಲ್ಲಿ, ಅಮೆರಿಕದ ಮೂವರು ಇದರ ಹಿಂದಿನ ಲೆಕ್ಕ ಬಿಡಿಸಿದ್ದರು. ನನ್ನ ವಾರ್ಡಿಗೆ ಒಂದು ಕೋಟಿಯ ಕೆಲಸ ತಂದರೆ ಲಾಭ ಪೂರ್ತಿ ನನ್ನ ಮತದಾರರಿಗೆ, ಖರ್ಚು ಮಾತ್ರ ಇಡೀ ಊರಿನ ತೆರಿಗೆಯಿಂದ. 198 ವಾರ್ಡ್ ಇದ್ದರೆ ನನ್ನ ಜನರ ಪಾಲು 198ರಲ್ಲಿ ಒಂದು. ಹಾಗಿದ್ದಾಗ ಬೇಡ ಅನ್ನುವವರು ಯಾರು? ಪ್ರತಿಯೊಬ್ಬರೂ ಕೇಳುತ್ತಾರೆ, ಪ್ರತಿಯೊಬ್ಬರಿಗೂ ಕೊಡಬೇಕಾಗುತ್ತೆ.

ಆದರೆ ಇದನ್ನು ನಮ್ಮ ಊರುಗಳಿಗೆ ಹಾಗೇ ತಂದು ಹಚ್ಚಿದರೆ ತಪ್ಪಾಗುತ್ತೆ. ನಮ್ಮ ಪಾಲಿಕೆ ತನಗೆ ಬೇಕೆಂದಾಗ ಸಾಲ ಎತ್ತುವ ಹಾಗಿಲ್ಲ. ರಾಜ್ಯ ಸರ್ಕಾರದ ಒಪ್ಪಿಗೆ ಬೇಕು, ಬಜೆಟ್ ಸರಿದೂಗಿರಬೇಕು. 1997ರಲ್ಲಿ ಬೆಂಗಳೂರು ಪಾಲಿಕೆ 125 ಕೋಟಿ ರೂಪಾಯಿಯ ಬಾಂಡ್ (ಸಾಲಪತ್ರ) ತಂದಾಗಲೂ ಹಿಂದೆ ರಾಜ್ಯದ ಖಾತರಿ ಇತ್ತು. 2022ರಲ್ಲಿ ರಿಸರ್ವ್ ಬ್ಯಾಂಕ್ ಪಾಲಿಕೆಗಳ ಹಣಕಾಸಿನ ಬಗ್ಗೆ ಒಂದು ವರದಿ ತಂದಿತು, ಅದರಲ್ಲೂ ಇದೇ ಇದೆ: ನಮ್ಮ ಪಾಲಿಕೆಗಳು ಸಾಲ ಮಾಡುವುದು ಕಡಿಮೆ, ಮೇಲಿನಿಂದ ಬರುವ ಅನುದಾನದ ಮೇಲೇ ಬದುಕುವುದು ಜಾಸ್ತಿ.

ಹಾಗಾದರೆ ಒತ್ತಡ ಎಲ್ಲಿಗೆ ಹೋಗುತ್ತೆ? ಸಾಲದ ಬಾಗಿಲು ಮುಚ್ಚಿದರೂ ಖರ್ಚಿನ ಬಾಗಿಲು ತೆರೆದೇ ಇರುತ್ತೆ. ಬಜೆಟ್‌ನಲ್ಲಿ ಬರದ ಆದಾಯ ಬರುತ್ತೆ ಅಂತ ಬರೆದು, ಆ ಅಂದಾಜಿನ ಮೇಲೆ ಕಾಮಗಾರಿ ಕೊಡುತ್ತಾರೆ. ಕೆಲಸ ಮುಗಿಯುತ್ತೆ, ದುಡ್ಡು ಇರುವುದಿಲ್ಲ. ಗುತ್ತಿಗೆದಾರರ ಬಾಕಿ ಬಿಲ್ಲೇ ನಮ್ಮ ಪಾಲಿಕೆಗಳ ನಿಜವಾದ ಸಾಲ. ಅದಕ್ಕೆ ಬಡ್ಡಿ ಬರೆಯುವುದಿಲ್ಲ, ಬ್ಯಾಂಕ್ ಬಂದು ಬಾಗಿಲು ತಟ್ಟುವುದಿಲ್ಲ, ಹಾಗಾಗಿ ಸಾಲದ ಪಟ್ಟಿಯಲ್ಲಿ ಅದು ಕಾಣುವುದೇ ಇಲ್ಲ. ಪಕ್ಷಗಳ ಸಂಖ್ಯೆ ನೋಡಿ ಬ್ಯಾಂಕ್ ಸಾಲ ಅಳೆಯುವವರು ಇದನ್ನು ಬಿಟ್ಟೇ ಬಿಡುತ್ತಾರೆ.

ಇನ್ನೊಂದು ಮಾತು. ತೆರಿಗೆ ಏರಿಸುವ ಧೈರ್ಯ ಸಮ್ಮಿಶ್ರಕ್ಕೆ ಇರುವುದಿಲ್ಲ, ಒಬ್ಬರ ಮುಖ ಒಬ್ಬರು ನೋಡುತ್ತಾ ಕೂರುತ್ತಾರೆ ಅಂತಲೂ ಒಂದು ವಾದ ಇದೆ. ಬೆಂಗಳೂರಲ್ಲಿ ಆದದ್ದು ಉಲ್ಟಾ. ಆಸ್ತಿ ತೆರಿಗೆಯನ್ನು ಮೂರು ವರ್ಷಕ್ಕೊಮ್ಮೆ ಏರಿಸಬೇಕು ಅಂತ ಕಾಯ್ದೆಯಲ್ಲೇ ಇತ್ತು. 2008ರಲ್ಲಿ ದರ ಗೊತ್ತು ಮಾಡಿದ ಮೇಲೆ ಬಹುಮತದ ಕೌನ್ಸಿಲ್ ಐದು ವರ್ಷ ಇತ್ತು, ಏರಲಿಲ್ಲ. ಏರಿದ್ದು 2016ರಲ್ಲಿ, ಮೈತ್ರಿ ಆಡಳಿತ ಇದ್ದಾಗ: ಮನೆಗಳಿಗೆ ಶೇ. 20, ವಾಣಿಜ್ಯ ಕಟ್ಟಡಗಳಿಗೆ ಶೇ. 25.

ಹಳೇ ಗುತ್ತಿಗೆದಾರ:

ಮೇಷ್ಟ್ರು ಹೇಳಿದ ಬಾಕಿ ಬಿಲ್ಲಿನ ಕಥೆ ನನ್ನದೇ. ನಾನು ಮಾಡಿದ್ದು ಬೆಂಗಳೂರಲ್ಲಿ ಅಲ್ಲ, ಯಾವ ಪಾಲಿಕೆ ಅಂತ ಹೇಳುವುದು ಬೇಡ. ಅಲ್ಲಿ ಯಾರಿಗೂ ಬಹುಮತ ಇರಲಿಲ್ಲ, ನಾಲ್ಕಾರು ಪಕ್ಷೇತರರ ಕೈಯಲ್ಲಿ ಕೀಲಿ ಇತ್ತು.

ಹೇಗೆ ನಡೆಯುತ್ತೆ ಅಂತ ಹೇಳುತ್ತೇನೆ. ಮೇಯರ್ ಚುನಾವಣೆಗೆ ಮುಂಚೆ ಮಾತುಕತೆ ಆಗುತ್ತಲ್ಲ, ಅಲ್ಲಿ ಕೇಳುವುದು ಮುಖ್ಯವಾಗಿ ಎರಡು. ಒಂದು, ತೆರಿಗೆ, ಕಾಮಗಾರಿ ಇಂಥ ವಿಷಯ ನೋಡುವ ಸ್ಥಾಯಿ ಸಮಿತಿಯ ಅಧ್ಯಕ್ಷ ಸ್ಥಾನ. ಎರಡು, ವಾರ್ಡಿಗೆ ಇಷ್ಟು ಲಕ್ಷ ಅಂತ ಕಾಮಗಾರಿ. ಒಬ್ಬರಿಗೆ ಕೊಟ್ಟ ಮೇಲೆ ಪಕ್ಕದ ವಾರ್ಡಿನವರು ಸುಮ್ಮನಿರುತ್ತಾರಾ? ಕೊನೆಗೆ ಎಲ್ಲ ವಾರ್ಡಿಗೂ ಸಮ ಪಾಲು. ಚರಂಡಿ ಬೇಕಿರೋದು ಕೆರೆ ಪಕ್ಕದ ಎರಡು ವಾರ್ಡಿಗೆ, ದುಡ್ಡು ಹೋಗೋದು ಎಲ್ಲ ವಾರ್ಡಿಗೆ, ಹಾಗಾಗಿ ಕೆರೆ ಪಕ್ಕದ ಚರಂಡಿ ಅರ್ಧಕ್ಕೆ ನಿಲ್ಲುತ್ತೆ. ನಾನೇ ಹಾಕಿದ ಒಂದು ಚರಂಡಿ ರಸ್ತೆಯ ತಿರುವಿನಲ್ಲಿ ನಿಂತುಹೋಯಿತು, ಯಾಕಂದ್ರೆ ತಿರುವಿನಿಂದ ಆಚೆ ಬೇರೆ ವಾರ್ಡು, ಅಲ್ಲಿನ ಸದಸ್ಯರು ತಮ್ಮ ಪಾಲಿನ ಹಣವನ್ನು ಡಾಂಬರಿಗೆ ಹಾಕಿಸಿಕೊಂಡಿದ್ದರು. ಮಳೆ ಬಂದರೆ ನೀರು ಆ ತಿರುವಲ್ಲಿ ರಸ್ತೆಗೆ ಹತ್ತುತ್ತೆ.

ಆಮೇಲೆ ಬಿಲ್ಲು. ಎಸ್ಟಿಮೇಟ್ ಆಯ್ತು, ಟೆಂಡರ್ ಆಯ್ತು, ವರ್ಕ್ ಆರ್ಡರ್ ಕೈಗೆ ಬಂತು. ಸಿಮೆಂಟ್, ಜಲ್ಲಿ, ಕೂಲಿ ಎಲ್ಲ ನಮ್ಮ ಕೈಯಿಂದ. ಎಂಜಿನಿಯರ್ ಬಂದು ಅಳತೆ ಪುಸ್ತಕದಲ್ಲಿ ಬರೆದುಕೊಂಡರು, ಬಿಲ್ಲು ಲೆಕ್ಕದ ಶಾಖೆಗೆ ಹೋಯ್ತು, ಮೊದಲು ಬಂದ ಬಿಲ್ಲಿಗೆ ಮೊದಲು ಹಣ ಅನ್ನುವ ಜ್ಯೇಷ್ಠತಾ ಪಟ್ಟಿಯಲ್ಲಿ ಒಂದು ನಂಬರ್ ಸಿಕ್ಕಿತು. ಅಲ್ಲಿಗೆ ನಿಂತಿತು. ಅಷ್ಟರಲ್ಲಿ ಒಪ್ಪಂದದ ಪ್ರಕಾರ ಮೇಯರ್ ಬದಲಾದರು. ಹೊಸಬರನ್ನು ಕೇಳಿದರೆ ಅದು ಹಿಂದಿನವರ ಕಾಲದ್ದು ಅನ್ನುತ್ತಾರೆ. ಹಿಂದಿನವರನ್ನು ಕೇಳಿದರೆ ಈಗ ನಮ್ಮ ಕೈಯಲ್ಲಿ ಏನಿದೆ ಅನ್ನುತ್ತಾರೆ. ಹೊಸಬರು ಬಂದ ತಕ್ಷಣ ತಮ್ಮವರಿಗೆ ಹೊಸ ಕಾಮಗಾರಿ ಕೊಡಬೇಕು, ಹಳೇ ಬಿಲ್ಲು ತೀರಿಸಿದರೆ ಅವರಿಗೆ ಒಂದು ಮತವೂ ಬರುವುದಿಲ್ಲ. ನಾನು ಮನೆಯವಳ ಒಡವೆ ಬ್ಯಾಂಕಿನಲ್ಲಿಟ್ಟು ಕೂಲಿಯವರಿಗೆ ಕೊಟ್ಟೆ. ಪಾಲಿಕೆಯ ಸಾಲಕ್ಕೆ ಬಡ್ಡಿ ಇಲ್ಲ ಅಂತ ಮೇಷ್ಟ್ರು ಬರೆದಿದ್ದಾರೆ. ಬಡ್ಡಿ ಇದೆ ಸಾರ್, ಅದನ್ನು ನಾವು ಕಟ್ಟುತ್ತೇವೆ. ಮುಂದಿನ ಟೆಂಡರಲ್ಲಿ ಆ ಬಡ್ಡಿಯನ್ನೂ ಸೇರಿಸಿಯೇ ದರ ಹಾಕುತ್ತೇವೆ, ಇಲ್ಲದಿದ್ದರೆ ಬದುಕುವುದು ಹೇಗೆ? ಕೊನೆಗೆ ಊರಿನವರೇ ಕಟ್ಟಿದ ಹಾಗಾಯ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಆ ಕೋಡಂಗಿ ಸ್ಥಾನ ನಮ್ಮದು.

ರಾಜಾಜಿನಗರ 4ನೇ ಬ್ಲಾಕ್:

ಅದಕ್ಕೇ ಹೇಳೋದು, ಒಂದೇ ಪಕ್ಷಕ್ಕೆ ಪೂರ್ತಿ ಬಹುಮತ ಕೊಡಿ, ಎಲ್ಲ ಸರಿ ಹೋಗುತ್ತೆ.

ಧಾರವಾಡದ ಮೇಷ್ಟ್ರು:

ಹೋಗುವುದಿಲ್ಲ. ಗುತ್ತಿಗೆದಾರರು ಬರೆದದ್ದನ್ನು ಇನ್ನೊಮ್ಮೆ ಓದಿ. ಅವರ ಬಿಲ್ಲು ನಿಂತದ್ದು ಮೇಯರ್ ಬದಲಾದಾಗ. ಬೆಂಗಳೂರಲ್ಲಿ ಮೇಯರ್ ಅವಧಿ ಒಂದೇ ವರ್ಷ ಇತ್ತು, ಯಾರೇ ಗೆಲ್ಲಲಿ. ಸ್ಥಾಯಿ ಸಮಿತಿಗಳು 12, ಅವೂ ವರ್ಷಕ್ಕೊಮ್ಮೆ ಬದಲು. ಬಹುಮತ ಇದ್ದ 2010ರ ಕೌನ್ಸಿಲ್‌ನಲ್ಲೂ ಅದೇ, ಮೈತ್ರಿಯ 2015ರ ಕೌನ್ಸಿಲ್‌ನಲ್ಲೂ ಅದೇ. ಬಜೆಟ್ ಓದಿದವರು ಬಿಲ್ಲು ಬರುವ ಹೊತ್ತಿಗೆ ಆ ಕುರ್ಚಿಯಲ್ಲಿ ಇರುವುದಿಲ್ಲ. ಅಧಿಕಾರ ಪಕ್ಷಗಳ ನಡುವೆ ಹಂಚಿಹೋಗುವುದಕ್ಕಿಂತ ವರ್ಷಗಳ ನಡುವೆ ಹಂಚಿಹೋಗುವುದು ಜಾಸ್ತಿ ಅಪಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಬಹುಮತದ ಕಾಲದಲ್ಲೇ ಕಟ್ಟಡಗಳು ಅಡಕ್ಕೆ ಹೋಗಿದ್ದಕ್ಕೆ ಇದೂ ಒಂದು ಕಾರಣ.

ಮತ್ತೆ, 2020ರ ಸೆಪ್ಟೆಂಬರ್ ನಂತರ ಬೆಂಗಳೂರಲ್ಲಿ ಕೌನ್ಸಿಲ್ಲೇ ಇರಲಿಲ್ಲ. ಪಕ್ಷಗಳ ಸಂಖ್ಯೆ ಸೊನ್ನೆ, ಆಡಳಿತಾಧಿಕಾರಿಯ ಕಾಲ. ಬಾಕಿ ಬಿಲ್ಲಿಗಾಗಿ ಗುತ್ತಿಗೆದಾರರು ಪ್ರತಿಭಟನೆ ಮಾಡುವುದು ಆಗಲೂ ನಿಲ್ಲಲಿಲ್ಲವಲ್ಲ.

ಘೆಂಟ್‌ನಿಂದ ಕನ್ನಡತಿ:

ನಾನು ಬೆಲ್ಜಿಯಂನ ಘೆಂಟ್ ನಗರದಲ್ಲಿ ಇದ್ದೇನೆ, ಈ ಚರ್ಚೆಗೆ ಇಲ್ಲಿನದ್ದು ಸೇರಿಸಬೇಕು ಅನಿಸಿತು. ಘೆಂಟ್ ಇರುವ ಫ್ಲಾಂಡರ್ಸ್ ಪ್ರಾಂತ್ಯದಲ್ಲಿ ನಗರಸಭೆ ಅಂದರೆ ಸಮ್ಮಿಶ್ರ ಮಾಮೂಲು. 2019ರಿಂದ 2024ರವರೆಗೆ ಘೆಂಟ್ ನಡೆಸಿದ್ದು ನಾಲ್ಕು ಪಕ್ಷ: ಉದಾರವಾದಿಗಳು, ಹಸಿರು ಪಕ್ಷ, ಸಮಾಜವಾದಿಗಳು, ಕ್ರಿಶ್ಚಿಯನ್ ಡೆಮಾಕ್ರಾಟರು. ಪಕ್ಷ ಜಾಸ್ತಿ ಆದಷ್ಟೂ ಸಾಲ ಅನ್ನುವುದಾದರೆ ಈ ಕಡೆಯ ಊರುಗಳೆಲ್ಲ ಎಂದೋ ದಿವಾಳಿ ಆಗಬೇಕಿತ್ತು.

ಇದನ್ನು ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ಫ್ಲಾಂಡರ್ಸ್‌ನ 298 ಪುರಸಭೆಗಳ 1977ರಿಂದ 2000ದವರೆಗಿನ ಸಾಲದ ಲೆಕ್ಕ ಹಿಡಿದು ಮೂವರು ಸಂಶೋಧಕರು ನೋಡಿದರು. ಆಡಳಿತದಲ್ಲಿ ಪಕ್ಷ ಹೆಚ್ಚಾದಾಗ ಹತ್ತಿರದ ವರ್ಷಗಳಲ್ಲಿ ಸಾಲ ಏರುತ್ತೆ, ದೀರ್ಘಕಾಲದಲ್ಲಿ ಮಾತ್ರ ಆ ಪರಿಣಾಮ ಉಳಿಯುವುದಿಲ್ಲ ಅಂತ ಗೊತ್ತಾಯಿತು. ಅಂದರೆ ಏನೋ ಕಷ್ಟ ಬಂದಾಗ ಬೇಗ ನಿರ್ಧಾರ ಮಾಡೋಕೆ ಆಗಲ್ಲ, ಸಾಲ ಮಾಡಿ ತಳ್ಳುತ್ತಾರೆ, ಆಮೇಲೆ ಸರಿಮಾಡಿಕೊಳ್ಳುತ್ತಾರೆ.

ಸರಿಮಾಡಿಕೊಳ್ಳೋಕೆ ಆಗುವುದು ಯಾಕೆ ಅಂದರೆ, ಮೇಷ್ಟ್ರು ಹೇಳಿದ್ದೇ. ಇಲ್ಲಿ ಚುನಾವಣೆ ಆರು ವರ್ಷಕ್ಕೊಮ್ಮೆ, ತಪ್ಪುವುದೇ ಇಲ್ಲ. ಸಾಮಾನ್ಯವಾಗಿ ಅದೇ ಮೇಯರ್, ಅದೇ ತಂಡ ಪೂರ್ತಿ ಅವಧಿ ಇರುತ್ತೆ. ಈಗಂತೂ ಆರು ವರ್ಷದ ಯೋಜನೆಯನ್ನು ಮೊದಲೇ ಬರೆಯಬೇಕು, ಕೊನೆಯ ವರ್ಷದಲ್ಲಿ ಸಾಲದ ಕಂತನ್ನು ಊರಿನ ಮಾಮೂಲು ಆದಾಯದಿಂದಲೇ ಕಟ್ಟಲು ಆಗಬೇಕು ಅಂತ ನಿಯಮ. ನಾಲ್ಕು ಪಕ್ಷ ಎಷ್ಟೇ ಕಿತ್ತಾಡಿದರೂ ಆ ಕೊನೆಯ ವರ್ಷದ ಸಾಲು ತಾಳೆ ಆಗಲೇಬೇಕು.

ಹೋಳು ಮಾಡುವ ಬಗ್ಗೆ ಕೇಳಿದ್ದೀರಿ. ಯೂರೋಪಿನಲ್ಲಿ ನಡೆಯುತ್ತಿರುವುದು ಅದರ ಉಲ್ಟಾ, ಕೂಡಿಸುವ ಕೆಲಸ. ಡೆನ್ಮಾರ್ಕ್ 2007ರಲ್ಲಿ 271 ಪುರಸಭೆಗಳನ್ನು 98 ಮಾಡಿತು. ಅಲ್ಲೂ ಸ್ವೀಡನ್‌ನಲ್ಲೂ ಒಂದು ಕೆಟ್ಟ ಅಭ್ಯಾಸ ಕಂಡಿತು: ನಾಳೆ ಪಕ್ಕದ ಊರಿನ ಜೊತೆ ಸೇರುತ್ತೇವೆ, ಸಾಲ ಎಲ್ಲರದ್ದೂ ಆಗುತ್ತೆ ಅಂತ ಗೊತ್ತಾದ ಮೇಲೆ ಸಣ್ಣ ಪುರಸಭೆಗಳು ಸೇರುವ ಮುಂಚೆ ಕೈಬಿಚ್ಚಿ ಖರ್ಚು ಮಾಡಿದವು. ಫ್ಲಾಂಡರ್ಸ್‌ನಲ್ಲೂ 2019ರಲ್ಲಿ 308 ಇದ್ದದ್ದು 300 ಆಯಿತು, 2025ರಲ್ಲಿ 285. ಸ್ವಂತ ಇಷ್ಟದಿಂದ ಸೇರಿದವರ ಸಾಲದಲ್ಲಿ ಒಂದು ಪಾಲನ್ನು, 2019ರಲ್ಲಿ ತಲೆಗೆ 500 ಯೂರೋ ಲೆಕ್ಕದಲ್ಲಿ, ಪ್ರಾಂತ್ಯದ ಸರ್ಕಾರವೇ ಹೊತ್ತುಕೊಂಡಿತು. ಸಾಲ ಯಾರದು ಅನ್ನುವುದನ್ನು ಗಡಿ ಬದಲಾಗುವ ಮುಂಚೆಯೇ ಬರೆದಿಟ್ಟರು, ನನಗೆ ಹಿಡಿಸಿದ್ದು ಅದು.

ಯಮುನೆಯಾಚೆ:

ದೆಹಲಿಯಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಇದ್ದೇನೆ, ಪೂರ್ವ ದೆಹಲಿಯಲ್ಲಿ. ಬೆಂಗಳೂರನ್ನು ಐದು ಮಾಡುವ ಸುದ್ದಿ ಓದಿದಾಗಿನಿಂದ ಇದನ್ನು ಯಾರಿಗಾದರೂ ಹೇಳಬೇಕು ಅಂತಿತ್ತು.

2012ರಲ್ಲಿ ಇಲ್ಲಿನ ಪಾಲಿಕೆಯನ್ನು ಮೂರು ಮಾಡಿದರು. ಉತ್ತರಕ್ಕೆ 104 ವಾರ್ಡ್, ದಕ್ಷಿಣಕ್ಕೆ 104, ಪೂರ್ವಕ್ಕೆ 64. ಕಾಗದದ ಮೇಲೆ ಚೆನ್ನಾಗಿತ್ತು, ಸಣ್ಣ ಪಾಲಿಕೆ, ಹತ್ತಿರದ ಆಡಳಿತ. ಆದರೆ ದೊಡ್ಡ ಬಂಗಲೆ, ಮಾಲ್, ಆಫೀಸು, ಅಂದರೆ ಆಸ್ತಿ ತೆರಿಗೆ ಬರುವ ಜಾಗ ಹೆಚ್ಚಾಗಿ ದಕ್ಷಿಣದಲ್ಲಿ. ನಮ್ಮ ಪೂರ್ವದಲ್ಲಿ ಇರುವುದು ಒತ್ತೊತ್ತಾದ ಮನೆಗಳು, ಅನಧಿಕೃತ ಕಾಲೊನಿಗಳು. ನೌಕರರೂ ಪಿಂಚಣಿಯೂ ಹಂಚಿಕೆ ಆದವು, ಆದಾಯ ಹಂಚಿಕೆ ಆಗಲಿಲ್ಲ. ಪೌರಕಾರ್ಮಿಕರಿಗೆ ತಿಂಗಳುಗಟ್ಟಲೆ ಸಂಬಳ ಇಲ್ಲದೆ 2015ರಿಂದ ಮುಷ್ಕರದ ಮೇಲೆ ಮುಷ್ಕರ. ಅವರು ರಸ್ತೆಯಲ್ಲೇ ಕಸ ಸುರಿದದ್ದು ಟಿವಿಯಲ್ಲಿ ನೋಡಿರುತ್ತೀರಿ. ನಮ್ಮ ಬೀದಿಯ ಹೆಂಗಸೊಬ್ಬರು ಅದೇ ಕಸ ಗುಡಿಸುವವರು, ಮುಷ್ಕರದಲ್ಲಿ ಇದ್ದರು. ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಅವರ ಹಾಳೆ ಪೂರ್ತಿ ತುಂಬಿ ಎರಡನೇ ಹಾಳೆಗೆ ಹೋಗಿತ್ತು, ಅಂಗಡಿಯವನೇ ತೋರಿಸಿದ. 2020ರಲ್ಲಿ, ಕೋವಿಡ್ ಮಧ್ಯೆ, ಉತ್ತರ ಪಾಲಿಕೆಯ ಹಿಂದೂ ರಾವ್ ಆಸ್ಪತ್ರೆಯ ವೈದ್ಯರೂ ಸಂಬಳಕ್ಕಾಗಿ ಧರಣಿ ಕೂತರು.

ಗಮನಿಸಿ, ಮೂರೂ ಪಾಲಿಕೆಗಳಲ್ಲಿ 2012ರಲ್ಲೂ 2017ರಲ್ಲೂ ಅಧಿಕಾರ ಹಿಡಿದದ್ದು ಒಂದೇ ಪಕ್ಷ, ಬಿಜೆಪಿ. ಒಡಕು ಇದ್ದದ್ದು ಮೇಲೆ ಕೆಳಗೆ. 2015ರಿಂದ 2025ರವರೆಗೆ ದೆಹಲಿ ಸರ್ಕಾರ ಆಮ್ ಆದ್ಮಿ ಪಕ್ಷದ್ದಾಗಿತ್ತು. ನೀವು ಹಣಕಾಸು ಆಯೋಗದ ಪ್ರಕಾರ ಕೊಡಬೇಕಾದದ್ದು ಕೊಡಲಿಲ್ಲ ಅಂತ ಪಾಲಿಕೆ, ಕೊಟ್ಟಾಗಿದೆ ನೀವೇ ತಿಂದಿರಿ ಅಂತ ಸರ್ಕಾರ. ಎರಡು ಪಾಲಿಕೆಗಳ ನಡುವೆಯೇ ಸಿವಿಕ್ ಸೆಂಟರ್ ಕಟ್ಟಡದ ಬಾಡಿಗೆಯ ಜಗಳ ಬೇರೆ. ಕೊನೆಗೆ 2022ರ ಮೇ ತಿಂಗಳಲ್ಲಿ ಕೇಂದ್ರ ಮೂರನ್ನೂ ಮತ್ತೆ ಒಂದು ಮಾಡಿತು.

ಒಂದಾದ ಮೇಲೆ ಸುಖವಾಯ್ತಾ? ಅದೂ ಇಲ್ಲ. 2022ರ ಡಿಸೆಂಬರ್‌ನಲ್ಲಿ ಆಪ್ 250ರಲ್ಲಿ 134 ಗೆದ್ದು ಸ್ಪಷ್ಟ ಬಹುಮತ ತಂದಿತು. ಆದರೂ ಸ್ಥಾಯಿ ಸಮಿತಿ ರಚನೆ ಕೋರ್ಟು, ನಾಮನಿರ್ದೇಶನ ಅಂತ ಎಳೆದು 2025ರ ಜೂನ್‌ಗೆ ಬಂತು. 5 ಕೋಟಿಗಿಂತ ದೊಡ್ಡ ಕಾಮಗಾರಿಗೆ ಆ ಸಮಿತಿಯ ಒಪ್ಪಿಗೆ ಬೇಕಿತ್ತು. ಎರಡು ವರ್ಷಕ್ಕೂ ಹೆಚ್ಚು ಕಾಲ ದೊಡ್ಡ ಕೆಲಸಗಳು ಹಾಗೇ ಕೂತಿದ್ದವು.

ಬೆಂಗಳೂರಿನವರು ಪೂರ್ವ ಪಾಲಿಕೆಯನ್ನು ನೋಡಿ. ಮಹದೇವಪುರ, ಕೆ.ಆರ್. ಪುರ, ಐಟಿ ಕಂಪನಿಗಳ ಸಾಲು, ತೆರಿಗೆಯಲ್ಲಿ ಮಹದೇವಪುರ ವಲಯ ಬಿಬಿಎಂಪಿ ಕಾಲದಲ್ಲೇ ಮುಂದೆ. ದೆಹಲಿಯ ದಕ್ಷಿಣಕ್ಕಿದ್ದ ಜಾಗ ಅಲ್ಲಿ ಪೂರ್ವಕ್ಕೆ. ಉಳಿದ ನಾಲ್ಕರ ನೌಕರರ ಸಂಬಳ, ಹಳೇ ಬಿಲ್ಲು ಯಾವ ಆದಾಯದಿಂದ ಹೋಗಬೇಕು ಅನ್ನುವುದನ್ನು ಈಗಲೇ ಕೇಳಬೇಕು. ಮುಷ್ಕರ ಶುರುವಾದ ಮೇಲೆ ಕೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ, ನಾವು ಅನುಭವಿಸಿದ್ದೇವೆ.

ವಿಜಯನಗರ ನಿವಾಸಿ:

ತುಂಬಾ ಧನ್ಯವಾದ, ಇಷ್ಟು ಸಿಗುತ್ತೆ ಅಂದುಕೊಂಡಿರಲಿಲ್ಲ. ದೆಹಲಿಯವರು ಬರೆದದ್ದನ್ನು ಗುಂಪಿಗೆ ಕಳಿಸಿದ್ದೇನೆ, ಜಗಳ ಸ್ವಲ್ಪ ತಣ್ಣಗಾಗಿದೆ. ಇನ್ನೊಂದೇ ಪ್ರಶ್ನೆ. ವೋಟು ಕೇಳಲು ಬಂದವರನ್ನು ನಮ್ಮಂಥವರು ಏನು ಕೇಳಬಹುದು? ಸಾಲ ಎಷ್ಟು ಅಂದರೆ ಯಾರೂ ಹೇಳಲ್ಲ, ಅಥವಾ ಹಿಂದಿನವರದ್ದು ಅಂತಾರೆ.

ಹಳೇ ಗುತ್ತಿಗೆದಾರ:

ಸಾಲ ಎಷ್ಟು ಅಂತ ಕೇಳಬೇಡಿ ಸಾರ್. ಬಾಕಿ ಬಿಲ್ಲು ಎಷ್ಟು, ಅತಿ ಹಳೆಯ ಬಿಲ್ಲು ಯಾವ ವರ್ಷದ್ದು ಅಂತ ಕೇಳಿ. ಎರಡನೆಯದಕ್ಕೆ ಉತ್ತರ ಬಂದರೆ ಪಾಲಿಕೆಯ ಆರೋಗ್ಯ ಅಲ್ಲೇ ತಿಳಿಯುತ್ತೆ. ವಾರ್ಡಿಗೆ ಇಷ್ಟು ಕೋಟಿ ತಂದೆ ಅನ್ನುವವರಿಗೆ, ಅದರಲ್ಲಿ ಎಷ್ಟಕ್ಕೆ ದುಡ್ಡು ಪಾವತಿ ಆಗಿದೆ ಅಂತ ಕೇಳಿ. ರಸ್ತೆ ಆಗಿದೆ, ಬೋರ್ಡ್ ಹಾಕಿದೆ, ಫೋಟೋ ಬಂದಿದೆ, ಹಾಕಿದವನಿಗೆ ದುಡ್ಡು ಹೋಗಿಲ್ಲ ಅಂದರೆ ಆ ರಸ್ತೆ ಇನ್ನೂ ಸಾಲದಲ್ಲೇ ಇದೆ.

ಧಾರವಾಡದ ಮೇಷ್ಟ್ರು:

ಅದರ ಜೊತೆ ಬಜೆಟ್ ಪುಸ್ತಕದಲ್ಲಿ ಎರಡು ಜಾಗ ನೋಡಿ. ಒಂದು, ಹೋದ ವರ್ಷ ಇಷ್ಟು ಆದಾಯ ಬರುತ್ತೆ ಅಂತ ಬರೆದದ್ದು ಎಷ್ಟು, ನಿಜವಾಗಿ ಬಂದದ್ದು ಎಷ್ಟು. ಇನ್ನೊಂದು, ಮುಂದುವರಿದ ಕಾಮಗಾರಿಗಳಿಗೆ ಇಟ್ಟ ಹಣ. ಆದಾಯದ ಅಂತರ ದೊಡ್ಡದಾಗಿ, ಹಳೇ ಕಾಮಗಾರಿಗೆ ಇಟ್ಟ ಹಣ ಚಿಕ್ಕದಾಗಿದ್ದರೆ ಹೊಸ ಬಾಕಿ ಹುಟ್ಟುತ್ತಿದೆ ಅಂತ ಅರ್ಥ. ಬಜೆಟ್ ವಿವರವನ್ನು ಕೇಳದೆಯೇ ಪ್ರಕಟಿಸಬೇಕು ಅಂತ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಕಲಂ ಹೇಳುತ್ತೆ. ಬಾಕಿ ಬಿಲ್ಲುಗಳ ಜ್ಯೇಷ್ಠತಾ ಪಟ್ಟಿ ಸಿಗದಿದ್ದರೆ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಅರ್ಜಿಯಲ್ಲಿ ಹಳೇ ಬಿಬಿಎಂಪಿಯದ್ದು ಬೇರೆ, ಹೊಸ ಪಾಲಿಕೆಯದ್ದು ಬೇರೆ ಅಂತ ಎರಡು ಪಟ್ಟಿ ಕೇಳಿ, ಇಲ್ಲದಿದ್ದರೆ ಒಂದರ ಒಳಗೆ ಇನ್ನೊಂದು ಸೇರಿಹೋಗುತ್ತೆ.